ಕಿವಿ ಮೇಸ್ತ್ರಿ ಕೊಳ್ಳದ ಮನೆ

ಕಿವಿ ಮೇಸ್ತ್ರಿ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಬಾಗಿಲು ದಾಟಿದ ಕೂಡಲೇ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ತಲೆ ಓರೆ ಮಾಡಿ, ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಮನೆಯವರು ‘ಬನ್ನಿ, ಕೂತ್ಕೊಳ್ಳಿ’ ಎಂದದ್ದು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ. ಸಾವಾದ ಮನೆಯಲ್ಲೂ ಒಮ್ಮೆ ಬಡಿದಿದ್ದಾರೆ. ಹಿಂದಿನಿಂದ ಅವರ ತೋಳು ಚಿವುಟಿದವಳು ನಾನು. ಅವರು ನನ್ನ ಗಂಡ. ಹೋಗಿ ಹದಿನಾಲ್ಕು ತಿಂಗಳಾಯಿತು.

ಅವರದು ಗಾರೆ ಕೆಲಸ. ಸಿಮೆಂಟಿನದಲ್ಲ, ಹಳೆಯ ಸುಣ್ಣದ ಗಾರೆ. ನಾವಿದ್ದ ಬೀದಿಯ ಮನೆಗಳಿಗೆಲ್ಲ ಇನ್ನೂರು ವರ್ಷ ವಯಸ್ಸು. ಒಂದರ ಭುಜಕ್ಕೆ ಇನ್ನೊಂದು ಒರಗಿ ನಿಂತಂಥವು. ಗೋಡೆಗೆ ಉಳಿ ತಾಗಿಸಬೇಕಾದರೂ ಹಳೆಯ ಕಟ್ಟಡ ಕಾಯುವ ಕಚೇರಿಗೆ ಅರ್ಜಿ ಹಾಕಬೇಕು. ಅಲ್ಲಿ ಮನೆ ಕೊಳ್ಳಲು ಬಂದವರು ಮೊದಲು ಇವರನ್ನು ಕರೆಯುತ್ತಿದ್ದರು, ಆಮೇಲೆ ವಕೀಲರನ್ನು. ಇವರು ಗಟ್ಟಿ ಎಂದರೆ ಗಟ್ಟಿ. ರಸ್ತೆ ಖಾಲಿ ಇದ್ದರೂ ಗೋಡೆಯ ಮಗ್ಗುಲಲ್ಲೇ ನಡೆಯುವ ನಡಿಗೆ. ಮೊಣಕೈಯಲ್ಲಿ ಸುಣ್ಣ ಕೂತು ಕೂತು, ಬಟ್ಟೆ ಎಲ್ಲಿ ಮುಗಿಯಿತು ಗಾರೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಬೂದು ಕೋಟು. ಯಾವ ಮಾತಿಗೂ ಮುಂಚೆ ಒಂದು ‘ಹಾಗಲ್ಲ’. ಊಟಕ್ಕೆ ಕರೆದರೂ ‘ಹಾಗಲ್ಲ, ಬಂದೆ’ ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ ನಾವು ಆ ಬೀದಿಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ, ನಿವೃತ್ತಿಯಾದ ಟೀಚರಮ್ಮ. ಮಂಡಿ ನೋವಿನವರು. ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದರು.

‘ಮೇಸ್ತ್ರೀ, ಮನೆ ಮಾರ್ತಿದೀನಿ. ತಂಗಿ ಮನೆಗೆ ಹೋಗ್ತೀನಿ. ನೀವೇ ತಗೊಳ್ಳಿ. ಬೇರೆಯವ್ರು ಬಂದ್ರೆ ಕೆಡಿಸಿ ಇಡ್ತಾರೆ.’

ಕೇಳಿದ್ದು ನಮ್ಮ ಕೈಗೆಟುಕುವ ಬೆಲೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ನೆಲದ ಮೂರನೆಯ ಚಪ್ಪಡಿಯ ತನಕ ಬರುತ್ತಿತ್ತು. ಇನ್ನು ಇದು ನಮ್ಮದೇ ಬಿಸಿಲು ಎಂದುಕೊಂಡೆ.

ಇವರು ಕೆಳಗಿಳಿದರು. ಟೀಚರಮ್ಮ ಮಲಗುವ ಕೋಣೆಗೆ ಅಷ್ಟು ವರ್ಷ ಕಾಲಿಟ್ಟವರಲ್ಲ. ಅಲ್ಲಿ ಬೀರು ಸರಿಸಿ ಹಿಂದಿನ ಗೋಡೆ ಬಡಿದರು. ಮತ್ತೆ ಬಡಿದರು.

‘ಹಾಗಲ್ಲ ಟೀಚರಮ್ಮ, ಇದು ಟೊಳ್ಳು. ಒಳಗೆಲ್ಲ ಉದುರಿರ್ಬೇಕು. ಮಹಡಿ ಭಾರ ಪೂರ್ತಿ ಇದರ ಮೇಲಿದೆ. ಒಡೆದು ನೋಡ್ಬೇಕು.’

‘ಕೊಂಡ್ಕೊಂಡು ಒಡೀರಿ.’

‘ಒಡೆದು ಕೊಂಡ್ಕೊತೀನಿ.’

‘ಚೆನ್ನಾಗಿದೆ! ನೀವು ಒಡೆದು, ಬೇಡ ಅಂತ ಎದ್ದು ಹೋದ್ರೆ ಆ ತೂತಿಗೆ ನಾನು ಪಾಠ ಹೇಳ್ಕೊಂಡಿರ್ಲಾ?’

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಹರೆಯದಲ್ಲಿ ಅಂಥದೇ ಗೋಡೆ ಕುಸಿದು ಜೊತೆಗಾರನೊಬ್ಬ ಅಡಿಯಲ್ಲಿ ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡವರು. ಕಡೆಗೆ ಟೀಚರಮ್ಮನೇ ಸೋತು, ಒಡೆದು ನೋಡಲು ಕಚೇರಿಗೆ ಅರ್ಜಿ ಹಾಕಿದರು. ಅರ್ಜಿ ಹೋದದ್ದು ಗೊತ್ತು, ಉತ್ತರ ಬಾರದು. ಎರಡು ತಿಂಗಳು ಕಾದರು ಪುಣ್ಯಾತ್ಗಿತ್ತಿ.

ನಾನು ಬಾಯಿ ಬಿಡಲಿಲ್ಲ. ಮೂರನೇ ಕ್ಲಾಸು ಓದಿದವಳು ಗೋಡೆಯ ವಿಷಯದಲ್ಲಿ ಮೇಸ್ತ್ರಿಗೆ ಏನು ಹೇಳಲಿ? ಆದರೆ ಟೀಚರಮ್ಮನಿಗೆ ಹುಷಾರಿಲ್ಲದಾಗೆಲ್ಲ ಆ ಕೋಣೆ ಗುಡಿಸಿ, ಬೀರುವಿನ ಹಿಂದೆ ಧೂಳು ಒರೆಸಿದವಳು ನಾನು. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ತೇವ ಇರಲಿಲ್ಲ. ಒಳಗೆ ಉದುರಿದ ಗೋಡೆ ಹೊರಗೆ ಅಷ್ಟು ಸುಖವಾಗಿ ಇರುತ್ತದೆಯೇ ಎಂದು ಅನಿಸಿತ್ತು. ಅನಿಸಿದ್ದನ್ನು ನುಂಗಿಕೊಂಡೆ.

ಮನೆ ನೋಡಲು ಕನ್ನಡಕದ ಅಂಗಡಿಯವರು ಬಂದರು. ಅವರ ಹೆಂಡತಿ ಕಿಟಕಿಯಲ್ಲಿ ನಿಂತು, ‘ರೀ, ಬೆಳಕು ಎಷ್ಟು ಚೆನ್ನಾಗಿದೆ’ ಎಂದರು. ಅಷ್ಟೇ. ವಾರದಲ್ಲಿ ಕಾಗದಪತ್ರ ಮುಗಿಯಿತು. ನಾವು ಊರಾಚೆಯ ಫ್ಲ್ಯಾಟಿಗೆ ಹೋದೆವು.

ಆಮೇಲೆ ಬಂತು ಕಚೇರಿಯ ಅನುಮತಿ, ಹೊಸ ಒಡೆಯರ ಕೈಗೆ. ಅವರು ಕರೆದದ್ದೂ ಇವರನ್ನೇ, ಇನ್ಯಾರನ್ನು ಕರೆಯುತ್ತಾರೆ? ನಾನು ಊಟದ ಡಬ್ಬಿ ಹಿಡಿದು ಹೋದಾಗ ನಾಲ್ಕು ಇಟ್ಟಿಗೆ ಕಿತ್ತಿದ್ದರು. ಒಳಗೊಂದು ಗೂಡು. ಯಾವ ಕಾಲದಲ್ಲೋ ಯಾರೋ ದೀಪ, ಪುಸ್ತಕ ಇಡಲು ಮಾಡಿಸಿ, ಆಮೇಲೆ ಬೇಡವೆಂದು ಒಂದೇ ಸಾಲು ಇಟ್ಟಿಗೆಯಿಂದ ಮುಚ್ಚಿಸಿದ್ದು. ಅದರ ಹಿಂದೆ ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಎಲುಬಿನಂತೆ ಒಣಗಿತ್ತು. ಅವರು ಭುಜದ ತನಕ ಕೈ ತೂರಿಸಿ, ಮೂಲೆ ಮೂಲೆ ತಡವಿ ನೋಡಿದರು.

‘ಏನ್ ಮೇಸ್ತ್ರಿ, ಬೀಳುತ್ತಾ ನಮ್ಮನೆ?’ ಕನ್ನಡಕದವರು ತಮಾಷೆ ಮಾಡಿದರು.

‘ಹಾಗಲ್ಲ. ನಿಮ್ಮ ಮೊಮ್ಮಕ್ಕಳು ಮುದುಕರಾದ್ರೂ ಬೀಳಲ್ಲ.’

ಆ ಗೂಡಿನ ಅಂಚಿಗೆ ಮೂರು ದಿನ ಗಾರೆ ತೀಡಿ, ಗಾಜಿನಂತೆ ಹೊಳೆಯಿಸಿ ಕೊಟ್ಟರು. ಅಷ್ಟು ನುಣುಪಾದ ಕೆಲಸ ಅವರ ಕೈಯಿಂದ ಮತ್ತೆ ಬರಲಿಲ್ಲ.

ಕೊನೆಯ ದಿನ ಬಸ್ಸಿಗೆ ನಿಂತಿದ್ದೆವು. ನನ್ನ ನಾಲಿಗೆ ಆಗ ಸಡಿಲವಾಯಿತು.

‘ಊರವ್ರ ಮನೆಗೆಲ್ಲ ಧೈರ್ಯ ಹೇಳ್ತೀರಿ. ನನ್ನ ಮನೆ ಅಂದಾಗ ಮಾತ್ರ ಹೆದರಿ ಕೂತ್ರಿ.’

ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ‘ಕೊಂಡಿದ್ರೆ ಆ ಗೋಡೆ ಕೆಳಗೆ ಮಲಗೋಳು ನೀನಲ್ವೇನೆ’ ಎಂದರು. ಬಸ್ಸು ಬಂತು.

ಅಂದಿನಿಂದ ಯಾರ ಗೋಡೆಯನ್ನೂ ಬಡಿಯಲಿಲ್ಲ. ಕರೆಯಲು ಬಂದವರಿಗೆ ‘ಬೇರೆಯವ್ರನ್ನ ಕೇಳಿ’ ಎಂದು ಹೇಳಿ ಕಳಿಸುತ್ತಿದ್ದರು. ಎರಡು ವರ್ಷ ಆ ಫ್ಲ್ಯಾಟಿನಲ್ಲಿ, ಬಂದ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದು, ಹೊರಟುಹೋದರು.

ಕೆಲಸ ಬಲ್ಲವರಲ್ಲಿ ಇಂಥವರದೇ ಒಂದು ಕುಲ. ಪರರ ಬಾಗಿಲಲ್ಲಿ ಅವರ ವಿದ್ಯೆಗೆ ಅಂಜಿಕೆ ಇಲ್ಲ. ತಮ್ಮವರನ್ನು ಒಳಗೆ ಮಲಗಿಸಬೇಕು ಎಂದಾಗ ಬಲ್ಲದ್ದೆಲ್ಲ ಭಯವಾಗಿ ಎದುರು ನಿಲ್ಲುತ್ತದೆ. ಅದನ್ನು ಹೇಡಿತನ ಎನ್ನಬಾರದು. ನಾನು ಅಂದುಬಿಟ್ಟೆ. ಅಂಥವರ ಜೊತೆ ಬಾಳುವವರು ತಮಗೆ ತೋಚಿದ್ದನ್ನು, ದಡ್ಡ ಮಾತಾದರೂ, ತೋಚಿದ ದಿನವೇ ಹೇಳಿಬಿಡಬೇಕು. ಅವರು ಒಪ್ಪದೇ ಇರಬಹುದು. ಆದರೆ ಹೆದರುವಾಗ ಒಬ್ಬರೇ ಹೆದರುವುದು ತಪ್ಪುತ್ತದೆ.