ಐದಕ್ಕೆ ಬಂದ್ ಆದ ಗುಡ್ಡ

ಯುಗಾದಿ ಮುಗಿದ ಭಾನುವಾರ ಬೆಟಗೇರಿಯ ನೇಕಾರ ಓಣಿಯ ಹೆಂಗಸರು ಕಪ್ಪತಗುಡ್ಡ ಹತ್ತಲು ಹೊರಟರು. ಮೊಣಕಾಲು ನೋವಿನ ಸುಮಿತ್ರವ್ವ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನೂ ಹೊತ್ತು ತಂದಿದ್ದಳು. ಅರ್ಧ ದಾರಿಗೇ ಸಾಕಾಗಿ, "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡ್ರತೀನಿ" ಎಂದು ದಾರಿಯ ನಡುವೆಯೇ ಕುರ್ಚಿ ಹಾಕಿ ಕುಳಿತಳು.

ಸ್ವಲ್ಪ ಹೊತ್ತಿಗೆ ಗುರುತಿಲ್ಲದ ಗುಂಪೊಂದು ಬಂದು ಅವಳೆದುರು ಸಾಲಾಗಿ ನಿಂತಿತು.

"ಮೇಡಂ, ಮ್ಯಾಲ ಹೋಗಬಹುದೇನ್ರಿ?"

ಹುಟ್ಟಿದಾಗಿನಿಂದ ಯಾರೂ ಅವಳ ಅಪ್ಪಣೆ ಕೇಳಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು.

"ಹೋಗ್ರಿ. ಆದ್ರ ಐದಕ್ಕ ಗುಡ್ಡ ಬಂದ್ ಮಾಡ್ತೀವಿ."

ಸುದ್ದಿ ತುದಿಯವರೆಗೂ ಹಬ್ಬಿತು. ಐದಾಗುವಷ್ಟರಲ್ಲಿ ಎಲ್ಲರೂ ಏದುಸಿರು ಬಿಡುತ್ತ ಓಡಿ ಇಳಿದರು. ಕಟ್ಟಕಡೆಗೆ ಬಂದವಳು ಅವಳದೇ ಪಕ್ಕದ ಮನೆಯ ಚಂದ್ರವ್ವ. ಕೈಮುಗಿದು, "ಎರಡು ನಿಮಿಷ ತಡಾ ಆತ್ರಿ" ಎಂದಳು.

"ಈ ಸಲ ಬಿಟ್ಟೀನಿ" ಎಂದಳು ಸುಮಿತ್ರವ್ವ.