ನಿಂತ ಹಾಗೆ ಕಂಡ ಫ್ಯಾನು

“ಕುಡಿದವನ ಕಣ್ಣಿಗೆ ಓಡೋ ಫ್ಯಾನೂ ನಿಂತ ಹಾಗೇ ಕಾಣತ್ತೆ, ಬಿಡು ಅಸೆನ್ಸಿಯಾ,” ಎಂದಳು ಫ್ಲೋರಿಂದಾ. ಹೇಳಿದ್ದು ನನಗಾದರೂ, ತನ್ನ ಗಂಡ ಕಸಿಮೀರೊನ ಕಿವಿಗೆ ಬೀಳಲೆಂದೇ.

ಅವನು ಗ್ಯಾರೇಜಿನ ಮೂಲೆಯಲ್ಲಿ ಕೂತು ನಟ್ಟು ತೊಳೆಯುತ್ತಿದ್ದ. ಅವನ ಬಲಗೈಯಲ್ಲಿ ಉಳಿದಿರುವುದು ಮೂರೇ ಬೆರಳು.

ಕಾರ್ನಿವಲ್ ಹಬ್ಬದ ಮಂಗಳವಾರ ನಮ್ಮೂರು ಕೋಚಬಾಂಬಾದಲ್ಲಿ ದುಡಿಯುವ ವಸ್ತುಗಳಿಗೆಲ್ಲ ಉಪಚಾರ. ತಕ್ಕಡಿಯಿರಲಿ, ಎಂಜಿನ್ನಿರಲಿ, ಬಣ್ಣದ ಕಾಗದದ ಸುರುಳಿ ಸುತ್ತಿ, ಮೆಕ್ಕೆಜೋಳದ ಹೆಂಡ ಚಿಚಾ ಚಿಮುಕಿಸಿ, ಮೊದಲ ಗುಟುಕು ಭೂಮಿತಾಯಿಗೆ ಕೊಡುತ್ತೇವೆ. ಹೋದ ವರ್ಷ ಇದೇ ದಿನ ಕಸಿಮೀರೊ ಓಡುತ್ತಿದ್ದ ಎಂಜಿನ್ನಿನ ಫ್ಯಾನಿಗೆ ಸುರುಳಿ ಕಟ್ಟಲು ಕೈಯಿಟ್ಟ. “ಒಂದು ಹನಿ ಮುಟ್ಟಿರ್ಲಿಲ್ಲ, ಫ್ಯಾನು ನಿಂತಿತ್ತು,” ಎಂದು ಅವನು ಹೇಳಿದಷ್ಟೂ ಓಣಿ ನಕ್ಕಿತು. ಫ್ಲೋರಿಂದಾ ಮಾತ್ರ ನಗಲಿಲ್ಲ. ಅಂದಿನಿಂದ ಅವನ ಕೈಗೆ ಚಿಚಾ ಬಟ್ಟಲು ಕೊಡುವುದನ್ನೇ ಬಿಟ್ಟಳು. ಎಂಜಿನ್ ಕೆಲಸವೆಲ್ಲ ಮಗಳು ನಿಲ್ದಾಳ ಪಾಲಿಗೆ ಬಂತು.

ಹೊರಗೆ ಹುಡುಗರು ನೀರಿನ ಬಲೂನು ಎಸೆಯುತ್ತಿದ್ದರು. ನಾನು ಮಾರಲು ಹೊರಟಿದ್ದ ಎಂಪನಾದ ಕಡುಬುಗಳ ಬುಟ್ಟಿ ಹೊತ್ತು ಒಳಗೆ ಓಡಿ ಬಂದಿದ್ದೆ. ನಿಲ್ದಾ ತಗಡಿನ ಬಾಗಿಲು ಹಾಕಿಬಿಟ್ಟಿದ್ದರಿಂದ ಒಳಗೆ ಮಬ್ಬುಗತ್ತಲು. ಮರುದಿನ ಓರುರೊ ಊರಿಗೆ ಹೊರಡಬೇಕಾದ ಹಳೇ ವ್ಯಾನಿನ ಎಂಜಿನ್ ಓಡುತ್ತಿತ್ತು. ಫ್ಲೋರಿಂದಾ ಸುರುಳಿ ತರಲು ಮನೆಯೊಳಗೆ ಹೋದಾಗ ನಿಲ್ದಾ ಎಂಜಿನ್ನಿನ ಓಟ ಸರಿನೋಡಲು ಮಿನುಗು ದೀಪ ಹಿಡಿದು ಬಗ್ಗಿದಳು. ಎಂಜಿನ್ನಿನ ತಾಳಕ್ಕೆ ಸರಿಯಾಗಿ ಮಿನುಗುವ ದೀಪ ಅದು. ಗಿರಗಿರ ತಿರುಗುವ ಚಕ್ರದ ಮೇಲಿನ ಬಿಳಿ ಗುರುತು ಅದರ ಬೆಳಕಿನಲ್ಲಿ ಒಂದೇ ಕಡೆ ನಿಂತು ಕಾಣುತ್ತದೆ.

ಅಷ್ಟರಲ್ಲಿ ಓಣಿಗೆ ವಾದ್ಯದವರು ಬಂದರು. ಡೋಲಿನ ಹೊಡೆತಕ್ಕೆ ಬಾಗಿಲಿನ ತಗಡು ನಡುಗಿತು, ಎಂಜಿನ್ನಿನ ಸದ್ದು ಅದರಲ್ಲಿ ಮುಳುಗಿಯೇ ಹೋಯಿತು. ಒಂದು ಕೈಯಲ್ಲಿ ಚಿಚಾ ತಂಬಿಗೆ, ಇನ್ನೊಂದರಲ್ಲಿ ಕೆಂಪು ಸುರುಳಿ ಹಿಡಿದು ಫ್ಲೋರಿಂದಾ ಬಂದಳು.

“ಆಫ್ ಮಾಡಿದ್ಯಾ ಮಗಳೇ? ಒಳ್ಳೇದಾಯ್ತು.”

ನಿಲ್ದಾಳಿಗೆ ಕೇಳಿಸಲಿಲ್ಲ. ಎಂಜಿನ್ ಆಫ್ ಆಗಿದೆ ಎಂದೇ ನನಗೂ ಅನ್ನಿಸಿತ್ತು. ಕತ್ತಲಲ್ಲಿ ಆ ದೀಪದ ಬೆಳಕಿಗೆ ಫ್ಯಾನಿನ ಒಂದೊಂದು ರೆಕ್ಕೆಯೂ ಬೇರೆಬೇರೆಯಾಗಿ, ಅದರ ಮೇಲಿನ ಜಿಡ್ಡೂ ಕಾಣುವಷ್ಟು ಸ್ಪಷ್ಟವಾಗಿ ನಿಂತಿತ್ತು. ಫ್ಲೋರಿಂದಾ ತಂಬಿಗೆ ಕೆಳಗಿಟ್ಟು ಕೈ ಚಾಚಿದಳು.

ಕಸಿಮೀರೊ ಎದ್ದದ್ದು ನಾನು ನೋಡಲಿಲ್ಲ. ಹೆಂಡತಿಯ ಶಾಲು ಹಿಡಿದು ಹಿಂದಕ್ಕೆ ಜಗ್ಗಿದ. ಇಬ್ಬರೂ ನೆಲಕ್ಕೆ ಬಿದ್ದರು. ಅವಳ ಕೈಜಾರಿದ ಸುರುಳಿ ಫ್ಯಾನಿಗೆ ತಾಗಿತೋ ಇಲ್ಲವೋ, ಚೂರುಚೂರಾಗಿ ಗ್ಯಾರೇಜಿನ ತುಂಬ ಹಾರಿತು. ನಿಲ್ದಾ ಚೀರಿ ಕೀಲಿ ತಿರುಗಿಸಿದಳು. ದೀಪ ಆರಿತು. ಬಾಗಿಲ ಸಂದಿಯ ಬಿಸಿಲಿನಲ್ಲಿ ಫ್ಯಾನು ಬರೀ ಮಸುಕು ಬಿಲ್ಲೆ. ಆಮೇಲೆ ನಿಧಾನವಾಗಿ ರೆಕ್ಕೆಗಳು ಬಿಡಿಯಾದವು. ನಿಜವಾಗಿ ನಿಂತದ್ದು ಆಗ.

ಫ್ಲೋರಿಂದಾ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

“ನಿಂತಿತ್ತು ಕಣೋ,” ಎಂದಳು. “ನಾನೇ ನೋಡ್ದೆ, ನಿಂತಿತ್ತು.”

“ಹೂಂ. ಗೊತ್ತು. ನಾನು ಕೈಯಿಟ್ಟಾಗ್ಲೂ ಈ ದೀಪ ಮಿನುಗ್ತಿತ್ತು.”

“ಬೆಳಿಗ್ಗೆಯಿಂದ ಬಾಯಿಗೆ ಒಂದು ಹನಿ ಹಾಕಿಲ್ಲ ನಾನು.”

“ಅದೂ ಗೊತ್ತು ಕಣೇ.”

ವಾದ್ಯದವರು ಮುಂದಿನ ಓಣಿಗೆ ಸರಿದರು. ಫ್ಲೋರಿಂದಾ ಎದ್ದು ಸೋರೆ ಬುರುಡೆಯ ಬಟ್ಟಲಿಗೆ ಚಿಚಾ ಬಗ್ಗಿಸಿ, ಮೊದಲ ಗುಟುಕನ್ನು ವ್ಯಾನಿನ ಗಾಲಿಯ ಬುಡಕ್ಕೆ ಸುರಿದಳು. ಬಟ್ಟಲನ್ನು ಗಂಡನ ಬಲಗೈಗೇ ಇಟ್ಟು, ಮೂರು ಬೆರಳು ಅದನ್ನು ಭದ್ರವಾಗಿ ಹಿಡಿಯುವವರೆಗೆ ಕೆಳಗೆ ತನ್ನ ಅಂಗೈ ಒಡ್ಡಿಕೊಂಡೇ ಇದ್ದಳು.