ಹಂಡನ ನೇಮ

ಜುಂಜಪ್ಪನನ್ನು ಮಣ್ಣು ಮಾಡಿ ಬಂದ ಸಂಜೆಯಿಂದಲೇ ಅವನ ನಾಯಿ ಹಂಡ ಅನ್ನ ಬಿಟ್ಟಿತು. ನಾಯಿಗಳಿಗೆಂದೇ ನೆಲದಲ್ಲಿ ಹೂತಿದ್ದ ಗುಳಿಕಲ್ಲಿಗೆ ಸೊಸೆ ಕರಿಯಕ್ಕ ಮುದ್ದೆ ಹಾಕಿದಳು. ಹಂಡ ಎದ್ದು ಬಂದು, ಕಲ್ಲಿನ ಮುಂದೆ ಒಂದು ಗಳಿಗೆ ನಿಂತು, ಮುಖ ತಿರುಗಿಸಿಕೊಂಡು ಹೋಗಿ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗಿತು. ಮುದ್ದೆಯನ್ನು ಬೇರೆ ನಾಯಿಗಳು ತಿಂದವು. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ.

ಕನ್ನಡ ಜಿಲ್ಲೆಗಳೆಲ್ಲ ಒಂದಾದ ಮರುವರ್ಷ ಅದು. ಬುಕ್ಕಾಪಟ್ಟಣದ ಹುಲ್ಲುಗಾವಲಿನ ಅಂಚಿಗೆ, ಸುತ್ತ ಮುಳ್ಳುಬೇಲಿ ಹೊದ್ದು ಕೂತ ಆ ಗೊಲ್ಲರಹಟ್ಟಿಯಲ್ಲಿ ಹಂಡನನ್ನು ಅರಿಯದವರಿರಲಿಲ್ಲ. ಪಾವಗಡದ ಕಡೆಯ ಕುರಿಯವರಿಂದ ಜುಂಜಪ್ಪ ಕಂಬಳಿಯಲ್ಲಿ ಸುತ್ತಿ ತಂದ ಮರಿ, ಬೆಳೆದು ಕರುವಿನ ಎತ್ತರಕ್ಕೆ ನಿಂತಿತ್ತು. ಮೈಯೆಲ್ಲ ಕಪ್ಪು ಬಿಳುಪು ಕಲೆಸಿದ್ದರಿಂದ ಹಂಡ ಎಂದು ಹೆಸರು. ಮೂರು ಸಲ ತೋಳದ ಮೇಲೆ ಬಿದ್ದು ಎದ್ದು ಬಂದದ್ದು. ಈಗ ಹನ್ನೊಂದು ತುಂಬಿತ್ತು. ಅಷ್ಟು ದೊಡ್ಡ ಮೈ ಹೊತ್ತ ನಾಯಿ ಅಷ್ಟು ವರ್ಷ ಬಾಳುವುದೇ ಹೆಚ್ಚು. ಮೂತಿ ನರೆತಿತ್ತು, ಹಿಂಗಾಲು ಬಿಗಿದಿತ್ತು, ಏಳಬೇಕಾದರೆ ಮುದುಕರ ಹಾಗೆ ಎರಡು ಸಲ ಯೋಚಿಸುತ್ತಿತ್ತು.

ನಾಲ್ಕನೆಯ ದಿನ ಹಟ್ಟಿಯ ಪೂಜಾರಿ ಚಿಕ್ಕನರಸಯ್ಯ ಬಂದು ನಾಯಿಯನ್ನು ಸುತ್ತ ನೋಡಿದ. ಜುಂಜಪ್ಪನ ಹೆಂಡತಿ ಭೀಮಕ್ಕ ಪಡಸಾಲೆಯಲ್ಲಿ ಕೂತಿದ್ದಳು.

"ಇದು ನೇಮ ಹಿಡಿದೈತೆ ಕಣಮ್ಮ," ಎಂದ. "ಬಾವಿ ತೊಟ್ಟಿ ತಾವ ಹೋಗಿ ಬರೇ ನೀರು ತಕ್ಕಂತೈತೆ. ಅನ್ನ ಮುಟ್ಟಾಕಿಲ್ಲ. ಉಪವಾಸ ಅಂದ್ರೆ ಇನ್ನೇನು? ಹೊಸ್ತಿಲ ಮೇಲೆ ತಲೆ ಮಡಗಿ ಒಡೆಯನ ದಾರಿ ಕಾಯ್ತಾ ಐತೆ. ಯಾರೂ ಅದರ ಬಾಯಿಗೆ ತುತ್ತು ತುರುಕಬ್ಯಾಡ್ರಿ. ನೇಮ ಕೆಟ್ಟರೆ ಹೋದೋನ್ಗೂ ಒಳ್ಳೇದಲ್ಲ."

ಭೀಮಕ್ಕ ಕೈ ಮುಗಿದಳು. ಅವಳಿಗೆ ನಂಬದೆ ವಿಧಿಯಿರಲಿಲ್ಲ. ಒಡೆಯ ಸತ್ತನೆಂದು ಅನ್ನ ಬಿಟ್ಟು ಅವನ ಹಿಂದೆಯೇ ನಡೆದ ನಾಯಿಯ ಪದವೊಂದನ್ನು ಜುಂಜಪ್ಪ ಹಾಡುತ್ತಿದ್ದ. ನಲವತ್ತು ವರ್ಷ ಅದನ್ನು ಬಾಗಿಲ ಈಚೆ ಕೂತು ಕೇಳಿದ್ದಳು. ಒಂದು ಸಲವೂ ದನಿಗೂಡಿಸಿದವಳಲ್ಲ. ಆ ಪದ ಈಗ ತನ್ನ ಮನೆಯ ಹೊಸ್ತಿಲಿಗೇ ಬಂದು ಮಲಗಿದೆ ಅನ್ನಿಸಿತು. ಮೂರನೆಯ ದಿನಕ್ಕೇ ತಾನು ಅಂಬಲಿ ಕುಡಿದದ್ದು ನೆನಪಾಗಿ ನಾಯಿಯ ಮುಖ ನೋಡಲು ನಾಚಿಕೆಯೂ ಆಯಿತು.

ಸುದ್ದಿ ಹಬ್ಬಿತು. ಅಕ್ಕಪಕ್ಕದ ಹಟ್ಟಿಯ ಹೆಂಗಸರು ಬಂದು ಹಂಡನ ಹಣೆಗೆ ಅರಿಶಿನ ಹಚ್ಚಿ ಹೋದರು. ಅವರು ತಂದ ತಂಬಿಟ್ಟಿನ ತಟ್ಟೆಯನ್ನು ನೋಡುತ್ತ ನಾಯಿ ಜೊಲ್ಲು ಸುರಿಸಿದರೆ, "ನೋಡವ್ವಾ, ಹೆಂಗೆ ಅಳ್ತೈತೆ!" ಎಂದು ಕಣ್ಣೊರೆಸಿಕೊಂಡರು. ಮಗ ಓಬಳಪ್ಪ ಗುಡ್ಡದ ಬುಡದಿಂದ ಒಳ್ಳೆಯದೊಂದು ಕಲ್ಲನ್ನು ಎತ್ತಿನ ಗಾಡಿಯಲ್ಲಿ ತಂದು ಅಂಗಳದಲ್ಲಿ ಇಳಿಸಿದ. ಹಂಡನ ಪ್ರಾಣ ಹೋದ ದಿನ ಅಪ್ಪನನ್ನು ಹೂತ ಮಣ್ಣಗುಡ್ಡೆಯ ಪಕ್ಕ ನೆಡುವುದೆಂದು ಮಾತಾಯಿತು. ನಾಯಿಯ ಪಕ್ಕೆಲುಬು ಒಂದೊಂದಾಗಿ ಕಾಣತೊಡಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಸಿರಾದಿಂದ ಕರೀಮ್ ಸಾಬ್ ಬಂದ. ವರ್ಷಕ್ಕೊಮ್ಮೆ ಬಂದು ಬೇಲಿಯ ಹೊರಗಿನ ಬೇವಿನ ಮರದಡಿ ಹಟ್ಟಿಯ ಎತ್ತುಗಳಿಗೆ ಲಾಳ ಕಟ್ಟುವವನು. ಜುಂಜಪ್ಪನ ಹಳೆಯ ಗೆಳೆಯ. ಸಾವಿನ ಸುದ್ದಿ ಕೇಳಿ, ಬಿಚ್ಚಿದ್ದ ಲಾಳದ ಚೀಲವನ್ನು ಮತ್ತೆ ಕಟ್ಟಿ ಪಕ್ಕಕ್ಕಿಟ್ಟ. ಭೀಮಕ್ಕ ನೀರಿನ ಚೊಂಬು ಹಿಡಿದು ಹೋದಾಗ ಹಂಡ ಅವಳ ಹಿಂದೆ ಕಾಲೆಳೆದುಕೊಂಡು ಬಂತು. ದಾರಿಯಲ್ಲಿದ್ದ ಬಾವಿಯ ತೊಟ್ಟಿಗೆ ಮೂತಿಯಿಟ್ಟು ಗಟಗಟ ನೀರು ಕುಡಿಯಿತು. ಆಮೇಲೆ ಕರೀಮ್ ಸಾಬನ ಬುತ್ತಿಗಂಟಿನ ಮುಂದೆ ನಿಂತಿತು. ಬಾಯಿಂದ ಜೊಲ್ಲು ದಾರವಾಗಿ ಇಳಿಯಿತು.

"ನೇಮ ಹಿಡಿದೈತೆ ಸಾಬ್ರೇ," ಎಂದಳು ಭೀಮಕ್ಕ.

"ಯಾವ ನೇಮ ಅಮ್ಮಾ? ರಂಜಾನ್‌ನಾಗೆ ನಾನೂ ಉಪಾಸ ಇರ್ತೀನಿ. ಸಂಜೆ ಬಜ್ಜಿ ವಾಸನೆ ಬಂದಾಗ ನನ್ನ ಬಾಯೂ ಹಿಂಗೇ ಆಗ್ತದೆ. ಇದು ಹಸಿವು."

ಅವನು ರೊಟ್ಟಿಯ ಚೂರೊಂದನ್ನು ನೆಲಕ್ಕೆ ಹಾಕಿದ. ಹಂಡ ಕತ್ತನ್ನು ಒಂದು ಗೇಣು ಇಳಿಸಿ, ಕುಂಯ್ ಎಂದು ರೊಟ್ಟಿ ಮುಟ್ಟದೆ ಮೇಲೆತ್ತಿತು. ಕರೀಮ್ ಸಾಬ್ ಎತ್ತಿನ ಹೆಗಲು ಒತ್ತಿ ನೋಡುವಂತೆ ಅದರ ಕತ್ತನ್ನು ಹೆಬ್ಬೆರಳಿನಿಂದ ಒತ್ತುತ್ತ ಬಂದ. ಒಂದು ಕಡೆ ನಾಯಿಯ ಮೈಯೆಲ್ಲ ನಡುಗಿತು. ತುಟಿ ಎತ್ತಿದರೆ ಹಿಂದಿನ ದವಡೆಹಲ್ಲು ಕೊಳೆತು ಕಪ್ಪಾಗಿತ್ತು.

"ನೊಗ ಹೊತ್ತ ಎತ್ತಿಗೆ ಕತ್ತು ಹಿಡಿಯಂಗೆ ಹಿಡಿದದೆ. ನೆಲಕ್ಕೆ ಬಗ್ಗೋಕೆ ಆಗಲ್ಲ. ಮಲಗಿದ್ರೂ ತಲೆ ಕೆಳಗೆ ಬುಡೋಕಾಗಲ್ಲ, ಅದಕ್ಕೇ ಹೊಸ್ತಿಲು ದಿಂಬು. ನಿಮ್ಮ ತೊಟ್ಟಿ ಅದರ ಎದೆಮಟ್ಟ ಇದೆ, ಅದಕ್ಕೇ ನೀರು ಕುಡೀತದೆ." ಕೈಗೆ ಮಣ್ಣು ಹಚ್ಚಿ ತಿಕ್ಕಿ ತೊಳೆಯುತ್ತ ಕೇಳಿದ: "ಜುಂಜಣ್ಣ ಇದಕ್ಕೆ ಹೆಂಗೆ ಉಣ್ಣಿಸ್ತಿದ್ದ?"

ಭೀಮಕ್ಕ ಚೊಂಬನ್ನು ಅಲ್ಲೇ ನೆಲಕ್ಕಿಟ್ಟಳು.

ಹೇಗೆ ಉಣ್ಣಿಸುತ್ತಿದ್ದ? ಎರಡು ವರ್ಷದಿಂದ ಜಗಲಿಯ ಮೇಲೆ ಕೂತು, ನಾಯಿಯ ಎದೆಮಟ್ಟಕ್ಕೆ ಅಂಗೈ ಹಿಡಿದು. ಮುದ್ದೆಯನ್ನು ಮಜ್ಜಿಗೆಯಲ್ಲಿ ಮಿದ್ದು, ನಿಂಬೆಹಣ್ಣಿನ ಗಾತ್ರ ಮಾಡಿ. ಒಂದೇ ಸಲಕ್ಕಲ್ಲ, ದಿನಕ್ಕೆ ನಾಲ್ಕು ಸಲ. ಒಂದು ತುತ್ತು ಕೊಟ್ಟು ಪದದ ಒಂದು ಸಾಲು ಹಾಡುವನು. ಸಾಲು ಮುಗಿಯುವವರೆಗೆ ಇನ್ನೊಂದು ತುತ್ತಿಲ್ಲ. "ನಂಗೆ ಒಂದಿನಾನಾದ್ರೂ ಇಂಗೆ ಉಣ್ಸಿದೀಯಾ?" ಎಂದು ಅವಳು ಕುಟುಕಿದ್ದಳು. ಅವನು ನಕ್ಕು ಮುಂದಿನ ಸಾಲಿಗೆ ಹೋಗಿದ್ದ. ಕತ್ತಿನ ಮಾತನ್ನಾಗಲಿ ಹಲ್ಲಿನ ಮಾತನ್ನಾಗಲಿ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಬಾರದ ನಾಯಿ ಅಂದಾರು ಎಂದಿರಬೇಕು. ಮನೆಯವರೆಲ್ಲ ಅವನ ಕೈತುತ್ತನ್ನು ಮುದ್ದು ಅಂದುಕೊಂಡಿದ್ದರು.

"ಒಂಬತ್ತು ದಿನದ ಹೊಟ್ಟೆ. ಒಂದು ಹಿಡಿಗಿಂತ ಜಾಸ್ತಿ ಕೊಡಬ್ಯಾಡಿ," ಎಂದು ಕರೀಮ್ ಸಾಬ್ ಕೂಗುತ್ತಿರುವಾಗಲೇ ಅವಳು ಬೇಲಿ ದಾಟಿದ್ದಳು.

ಮನೆಯೊಳಗಿಂದ ಬಟ್ಟಲು ಹಿಡಿದು ಅಂಗಳಕ್ಕೆ ಬಂದಾಗ ಅಲ್ಲಿ ಚಿಕ್ಕನರಸಯ್ಯ, ಓಬಳಪ್ಪ, ಐದಾರು ಹೆಂಗಸರು. ತಂದ ಕಲ್ಲಿಗೆ ಅರಿಶಿನ ಬಳಿಯುತ್ತಿದ್ದರು. ಹಂಡ ಇನ್ನೆರಡು ದಿನ ಉಳಿಯದೆಂದು ಲೆಕ್ಕವಾಗಿತ್ತು.

"ಏನವ್ವಾ ಅದು?" ಎಂದ ಓಬಳಪ್ಪ.

"ಮಜ್ಜಿಗೆ ಮುದ್ದೆ."

"ನೇಮ ಕೆಡಿಸ್ತೀಯಾ ಭೀಮಕ್ಕ!" ಚಿಕ್ಕನರಸಯ್ಯ ಅಡ್ಡ ಬಂದ. "ಜುಂಜಪ್ಪನ ಜೊತೆಗೆ ಹೊಂಟಿರೋ ಜೀವ ಅದು. ತಡೀಬ್ಯಾಡ."

ಅವಳ ಕಾಲು ಒಂದು ಗಳಿಗೆ ನಿಂತಿತು. ಸತ್ತವನಿಗೆ ಒಳ್ಳೆಯದಲ್ಲ ಎಂಬ ಮಾತು ಎದೆಯಲ್ಲಿತ್ತು. ಆಮೇಲೆ ಆ ಅಂಗೈ ನೆನಪಾಯಿತು.

"ನಾಯಿ ನೇಮ ಹಿಡೀಲಿಲ್ಲ ಸ್ವಾಮಿ, ನಾವು ಹಿಡಿಸಿದ್ವಿ. ಗುಳಿಕಲ್ಲಿಗೆ ಹಾಕಿ ಹಾಕಿ ಉಪಾಸ ಕೆಡವಿದ್ವಿ. ಪಾಪ ಬಂದ್ರೆ ನನ್ನ ತಲೆ ಮ್ಯಾಲಿರ್ಲಿ, ವಸಿ ಸರೀರಿ."

ಅವನು ಸರಿದ. ಅವಳು ಜಗಲಿಯ ಮೇಲೆ ಕೂತು, ಅಷ್ಟರಲ್ಲಿ ಕಾಲೆಳೆದುಕೊಂಡು ಬಂದಿದ್ದ ಹಂಡನ ಮುಂದೆ ಅಂಗೈ ಚಾಚಿದಳು. ಅಭ್ಯಾಸವಿಲ್ಲದ ಕೈ; ಮೊದಲ ತುತ್ತು ಜಾರಿ ನೆಲಕ್ಕೆ ಬಿತ್ತು. ಹಂಡ ಅದನ್ನು ನೋಡಿತೇ ಹೊರತು ಬಗ್ಗಲಿಲ್ಲ. ಆಗ ಅವಳು ಎದ್ದು ಹೋಗಿ ಬಟ್ಟಲನ್ನು ಆ ಅರಿಶಿನದ ಕಲ್ಲಿನ ಮೇಲಿಟ್ಟಳು. ಕಲ್ಲು ಹಂಡನ ಎದೆಯ ಸರಿಮಟ್ಟಕ್ಕಿತ್ತು.

ನಾಯಿ ಬಂತು. ಮೂಸಿತು. ನೋಯದ ಕಡೆಯ ದವಡೆಗೆ ತುತ್ತನ್ನು ವಾಲಿಸಿಕೊಂಡು ನುಂಗಿತು. ಬಟ್ಟಲು ನೆಕ್ಕುವ ಸದ್ದು ಅಂಗಳಕ್ಕೆಲ್ಲ ಕೇಳಿತು.

ಚಿಕ್ಕನರಸಯ್ಯ ಗಂಟಲು ಸರಿಮಾಡಿಕೊಂಡ. "ಒಂಬತ್ತು ದಿನದ ನೇಮ ಇತ್ತೇನೋ. ಇವತ್ತಿಗೆ ಮುಗೀತು ಅನ್ನಿ."

"ಹೂಂ ಸ್ವಾಮಿ, ಬಟ್ಟಲು ಬಂದ ಗಳಿಗೆಗೆ ಸರ್ಯಾಗಿ ನೇಮ ಬಿಡ್ತು!" ಎಂದು ಬೇಲಿಯಾಚೆಯಿಂದ ಕರೀಮ್ ಸಾಬ್ ಅಂದದ್ದಕ್ಕೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪೂಜಾರಿಗೂ ನಗು ಬಂತು.

"ಈ ಕಲ್ಲು ಏನ್ಮಾಡನ ಅವ್ವಾ?" ಓಬಳಪ್ಪ ಮೆತ್ತಗೆ ಕೇಳಿದ.

"ಅಲ್ಲೇ ಇರ್ಲಿ ಕಣ್ಲಾ. ಮಟ್ಟ ಸರಿಯಾಗೈತೆ."

ನಡುಮಧ್ಯಾಹ್ನ ಎರಡನೆಯ ಬಟ್ಟಲು. ಹಸಿದ ನಾಯಿ ಗಬಗಬನೆ ನುಂಗಹೊರಟಿತು. ಭೀಮಕ್ಕ ಬಟ್ಟಲಿಗೆ ಕೈ ಅಡ್ಡ ಹಿಡಿದಳು. ಅದನ್ನು ತಡೆದು ನಿಲ್ಲಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ನಲವತ್ತು ವರ್ಷ ಬರೀ ಕೇಳಿದ್ದವಳು ಒಡಕು ದನಿಯಲ್ಲಿ ಮೊದಲ ಸಾಲು ತೆಗೆದಳು. ಹಂಡನ ಕಿವಿ ನಿಮಿರಿತು. ಸಾಲು ಮುಗಿಯುವ ತನಕ ಅದು ಕಾದು ನಿಂತಿತು. ಆಮೇಲೆ ಒಂದು ತುತ್ತು. ಮತ್ತೊಂದು ಸಾಲು, ಮತ್ತೊಂದು ತುತ್ತು.

ಪದದಲ್ಲಿ ನಾಯಿ ಪ್ರಾಣ ಬಿಡುವ ಜಾಗ ಬಂತು. ಭೀಮಕ್ಕ ಅಲ್ಲಿ ನಿಲ್ಲಿಸಿದಳು. ಬಟ್ಟಲಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಮೊದಲಿನಿಂದ ಹಾಡತೊಡಗಿದಳು.